ಹೆಸರಿನಲ್ಲೇ ಬೆರಳಚ್ಚು: ಸ್ಟೈಲ್, ಸ್ಕ್ರಿಪ್ಟ್, ಚಿತ್ರಗಳ ನಿರ್ವಹಣೆ

ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ಬಿಳಿಗೆರೆಯ ರೈತರು ಮೊಬೈಲಿನಲ್ಲೇ ನೋಡುವಂಥ ಪುಟವೊಂದನ್ನು ನೀವು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನಲ್ಲಿ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಧಾರಣೆ ಡೇಟಾಬೇಸಿನಿಂದ ಬರುತ್ತದೆ, ಬದಲಾಗುತ್ತಲೇ ಇರುತ್ತದೆ. ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್, ಗುಂಡಿ ಒತ್ತಿದಾಗ ಕೆಲಸ ಮಾಡುವ ಜಾವಾಸ್ಕ್ರಿಪ್ಟ್, ಚಿತ್ರ, ಕನ್ನಡ ಫಾಂಟು ಹಾಗಲ್ಲ. ತಿಂಗಳುಗಟ್ಟಲೆ ಇದ್ದ ಹಾಗೇ ಇರುತ್ತವೆ. ಇವನ್ನು ಸ್ಥಿರ ಕಡತಗಳು ಎನ್ನೋಣ.

ಇಂಥ ಕಡತಗಳನ್ನು ಬ್ರೌಸರ್ ಒಮ್ಮೆ ತಂದು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಅದೇ ಕ್ಯಾಶ್. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವಲ್ಲ, ಹಾಗೆ. ಯಾವ ಕೊಯ್ಲಿನದು ಎಲ್ಲಿದೆ ಎಂಬ ಗುರುತಿಲ್ಲದಿದ್ದರೆ ಅಟ್ಟದಲ್ಲಿ ಹಳೆಯದೂ ಹೊಸದೂ ಕಲೆತುಹೋಗುತ್ತವೆ. ಕ್ಯಾಶಿನ ತೊಡಕೂ ಇದೇ. ನೀವು ಸಿಎಸ್‌ಎಸ್ ತಿದ್ದಿದರೂ ಹೆಸರು ಅದೇ ಇದ್ದರೆ ಫೋನು ಹಳೆಯದನ್ನೇ ತೋರಿಸುತ್ತಿರಬಹುದು.

ಇದಕ್ಕೆ ಫ್ರೇಮ್‌ವರ್ಕುಗಳು ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ಕಡತದೊಳಗಿನ ಬರಹವನ್ನೇ ಲೆಕ್ಕ ಹಾಕಿ ಒಂದು ಬೆರಳಚ್ಚು ತೆಗೆದು ಹೆಸರಿಗೆ ಅಂಟಿಸುವುದು. ಜಾಂಗೋದಲ್ಲಿ ಅದು 12 ಅಕ್ಷರದ್ದು. ಒಳಗೆ ಒಂದು ಚುಕ್ಕಿ ಬದಲಾದರೂ ಬೆರಳಚ್ಚು ಬೇರೆ, ಹೆಸರು ಬೇರೆ. ಹಾಗಾಗಿ ಒಂದು ಹೆಸರಿನ ಕಡತವನ್ನು 3,15,36,000 ಸೆಕೆಂಡು, ಅಂದರೆ ಪೂರ್ತಿ ಒಂದು ವರ್ಷ, ಇಟ್ಟುಕೋ ಎಂದು ಬ್ರೌಸರಿಗೆ ಧೈರ್ಯವಾಗಿ ಹೇಳಬಹುದು. ಪುಟದ ಎಚ್‌ಟಿಎಂಎಲ್‌ಗೆ ಮಾತ್ರ ಹಾಗೆ ಹೇಳಬಾರದು. ಹೊಸ ಹೆಸರುಗಳನ್ನು ತಿಳಿಸಬೇಕಾದದ್ದೇ ಅದು. ಹೊಸದು ಏರಿಸಿದ ಕೂಡಲೇ ಹಳೆಯ ಕಡತಗಳನ್ನು ಅಳಿಸಲೂಬೇಡಿ. ಯಾರದೋ ಫೋನಿನಲ್ಲಿ ಹಳೆಯ ಪುಟ ಇನ್ನೂ ತೆರೆದಿರುತ್ತದೆ, ಅದು ಹಳೆಯ ಹೆಸರನ್ನೇ ಕೇಳುತ್ತದೆ.

ರೈಲ್ಸ್ ಎಂಬ ಇನ್ನೊಂದು ಫ್ರೇಮ್‌ವರ್ಕಿನ 3.1 ಆವೃತ್ತಿ ಈ ಪದ್ಧತಿಯನ್ನು 2011ರಲ್ಲಿ ಮನೆಮಾತಾಗಿಸಿತು. ಕಡತಗಳನ್ನೆಲ್ಲ ಒಂದೆಡೆ ಸೇರಿಸುವ ಕಲೆಕ್ಟ್‌ಸ್ಟಾಟಿಕ್ ಅದೇ ವರ್ಷ ಜಾಂಗೋಗೆ ಬಂತು. ಕನ್ನಡ ವಿಕಿಪೀಡಿಯದ ತಳದಲ್ಲಿರುವ ಮೀಡಿಯಾವಿಕಿಯಲ್ಲೂ ರಿಸೋರ್ಸ್‌ಲೋಡರ್ ಎಂಬ ಭಾಗಕ್ಕೆ ಇಂಥದೇ ಕೆಲಸ: ಸ್ಟೈಲ್, ಸ್ಕ್ರಿಪ್ಟುಗಳನ್ನು ಕುಗ್ಗಿಸಿ, ಒಟ್ಟುಗೂಡಿಸಿ ಕಳಿಸುವುದು.

ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಮುಟ್ಟದ ವಿಷಯವೊಂದಿದೆ: ಫಾಂಟು. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 128 ಮಾತ್ರ. ಆದರೆ ಒತ್ತಕ್ಷರ, ಕಾಗುಣಿತದ ರೂಪಗಳೆಲ್ಲ ಫಾಂಟಿನೊಳಗೆ ಬೇರೆಯಾಗಿ ಕೂತಿರುತ್ತವೆ. ಯಾವುದು ಯಾವುದಾಗಿ ಮಾರ್ಪಡಬೇಕೆಂಬ ಪಟ್ಟಿಯೂ ಜೊತೆಗಿರುತ್ತದೆ. ಗಾತ್ರ ಇಳಿಸಲು ಹೋಗಿ ಆ ಪಟ್ಟಿಯನ್ನೇ ಕತ್ತರಿಸಿದರೆ ‘ಕೊಬ್ಬರಿ’ ಎಂಬುದು ‘ಕೊಬ್‌ಬರಿ’ ಎಂದು ಮೂಡುತ್ತದೆ. ಬೇಡದ ಲಿಪಿಗಳನ್ನು ತೆಗೆಯಿರಿ, ಡಬ್ಲ್ಯುಒಎಫ್‌ಎಫ್2 ರೂಪಕ್ಕೆ ತನ್ನಿ, ಪಟ್ಟಿಯನ್ನು ಮುಟ್ಟಬೇಡಿ. ಫಾಂಟು ಬರುವ ತನಕ ಫೋನಿನದೇ ಕನ್ನಡ ಅಕ್ಷರ ಕಾಣುವಂತೆ ಸಿಎಸ್‌ಎಸ್‌ನಲ್ಲಿ ಫಾಂಟ್-ಡಿಸ್‌ಪ್ಲೇಗೆ ಸ್ವಾಪ್ ಎಂದು ಬರೆಯಿರಿ.

ಚಿತ್ರಗಳ ಮಾತು ಚಿಕ್ಕದು. ಕ್ಯಾಮೆರಾದಿಂದ ಬಂದದ್ದನ್ನು ಬಂದ ಹಾಗೇ ಏರಿಸಬೇಡಿ; ಪರದೆಗೆ ತಕ್ಕಷ್ಟು ಕುಗ್ಗಿಸಿ, ಅಗಲ ಎತ್ತರ ನಮೂದಿಸಿ. ಇನ್ನು ಸ್ಕ್ರಿಪ್ಟು: ಪುಟ ಮೂಡುವುದನ್ನು ಅದು ತಡೆಯದಂತೆ ಡಿಫರ್ ಸೇರಿಸಿ. ಧಾರಣೆಯ ಅಂಕಿ ಮಾತ್ರ ಎಚ್‌ಟಿಎಂಎಲ್‌ನಲ್ಲೇ ಇರಲಿ. ಸ್ಕ್ರಿಪ್ಟು ಬರದಿದ್ದರೂ ರೈತನಿಗೆ ಅದು ಕಾಣಲೇಬೇಕು.

ಕೊನೆಗೆ, ಬೆಂಗಳೂರಿನ ವೇಗದ ವೈಫೈನಲ್ಲಿ ನೋಡಿ ಕೆಲಸ ಮುಗಿಯಿತೆನ್ನಬೇಡಿ. ಕಡಿಮೆ ಬೆಲೆಯ ಫೋನೊಂದನ್ನು ತೋಟಕ್ಕೆ ಒಯ್ದು, ಕ್ಯಾಶ್ ಖಾಲಿ ಮಾಡಿ, ನಿಮ್ಮ ಪುಟವನ್ನು ತೆರೆದು ನೋಡಿ.