ಉಪಗ್ರಹದ ಮೂಲಕ ಅಂತರ್ಜಾಲ: ಅದರ ವೇಗವೂ ಮಲೆನಾಡಿನ ಮನೆಗಳಿಗೆ ಅದರ ಉಪಯೋಗವೂ

ಘಂಟೆ ಗಣಪತಿಯ ಕ್ಷೇತ್ರವೆಂದು ಪ್ರಸಿದ್ಧವಾದ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಸೀಮೆಯಲ್ಲಿ ಅಡಿಕೆ ತೋಟಗಳು ಕಣಿವೆಗಳಲ್ಲಿಯೂ, ಮನೆಗಳು ಒಂದಕ್ಕೊಂದು ದೂರವಾಗಿಯೂ ಇರುವುವು. ಇಂಥ ಕಡೆ ಅಡವಿಯ ನಡುವೆ ತಂತಿಯೆಳೆಯುವುದು ವೆಚ್ಚದ ಕೆಲಸ. ಮೊಬೈಲ್ ಗೋಪುರದ ಅಲೆಗಳನ್ನು ಗುಡ್ಡಗಳು ತಡೆಯುವುವು. 2020ನೆಯ ಇಸವಿಯಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡವೇರಬೇಕಾದುದು ಎಲ್ಲರೂ ಬಲ್ಲ ಸಂಗತಿ. ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ಪಹಣಿ ಮೊದಲಾದುವು ಈಗ ಅಂತರ್ಜಾಲದಲ್ಲಿ ದೊರೆಯುವುವು. ಓದಿದ ಮಕ್ಕಳು ತೋಟದ ಮನೆಯಲ್ಲಿದ್ದೇ ಉದ್ಯೋಗ ಮಾಡುವರೋ, ಮನೆಗೆ ಬೀಗ ಹಾಕಿ ಪಟ್ಟಣ ಸೇರುವರೋ ಎಂಬುದೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿರುವುದು.

ವೇಗವೆಂದರೇನು?

ಬೆಟ್ಟದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಮನೆಗೆ ತರುವ ನೀರನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ನಿಮಿಷಕ್ಕೆ ಎಷ್ಟು ಕೊಡ ನೀರು ಬೀಳುವುದೆಂಬುದು ಒಂದು. ಮೇಲೆ ಬಿಟ್ಟ ನೀರು ಮನೆಗೆ ತಲಪಲು ಎಷ್ಟು ಹೊತ್ತು ಹಿಡಿಯುವುದೆಂಬುದು ಮತ್ತೊಂದು. ಅಂತರ್ಜಾಲದಲ್ಲಿ ಮೊದಲನೆಯದನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುವರು. 8 ಬಿಟ್‌ಗೆ ಒಂದು ಬೈಟ್. ಆದುದರಿಂದ 50 ಮೆಗಾಬೈಟಿನ ಪಾಠವು 2 ಮೆಗಾಬಿಟ್ ವೇಗದಲ್ಲಿ 200 ಸೆಕೆಂಡಿಗೂ, 100 ಮೆಗಾಬಿಟ್ ವೇಗದಲ್ಲಿ 4 ಸೆಕೆಂಡಿಗೂ ಬಂದು ಸೇರುವುದು. ಎರಡನೆಯದನ್ನು ವಿಳಂಬವೆನ್ನುವರು. ಮಾತುಕತೆಗೆ ಮುಖ್ಯವಾದುದು ಇದೇ.

ಎತ್ತರದಿಂದಾಗುವ ವ್ಯತ್ಯಾಸ

ಹಳೆಯ ಬಗೆಯ ಉಪಗ್ರಹವು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ, ನಮ್ಮ ಕಣ್ಣಿಗೆ ನಿಂತಂತೆ ಇರುವುದು. ಪ್ರಶ್ನೆ ಹೋಗಿ ಉತ್ತರ ಬರಲು ಈ ದೂರವನ್ನು ನಾಲ್ಕು ಸಲ ದಾಟಬೇಕು. ಬೆಳಕಿನ ವೇಗದಲ್ಲಿ ಚಲಿಸಿದರೂ ಇದಕ್ಕೆ ಸುಮಾರು ಅರ್ಧ ಸೆಕೆಂಡು ಹಿಡಿಯುವುದು. ಎಷ್ಟು ಹಣ ಕೊಟ್ಟರೂ ಈ ವಿಳಂಬವು ತಪ್ಪದು. 2024ನೆಯ ನವೆಂಬರಿನಲ್ಲಿ ಹಾರಿಸಿದ ಭಾರತದ ಜಿಸ್ಯಾಟ್-ಎನ್2 ಈ ಜಾತಿಯದು. ಅದರ ಒಟ್ಟು ಶಕ್ತಿ ಸೆಕೆಂಡಿಗೆ 48,000 ಮೆಗಾಬಿಟ್. ಒಂದೇ ಕ್ಷಣದಲ್ಲಿ ಮನೆಯೊಂದಕ್ಕೆ 100ರಂತೆ ಹಂಚಿದರೆ 480 ಮನೆಗಳಿಗೆ ಮಾತ್ರ ಸಾಲುವುದು.

ಹೊಸ ಬಗೆಯವು ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸುತ್ತುವುವು. ದೂರ ಕಡಿಮೆಯಾದುದರಿಂದ ವಿಳಂಬವು ಸೆಕೆಂಡಿನ ನೂರನೆಯ ಕೆಲವೇ ಭಾಗಗಳಷ್ಟು. ಆದರೆ ಒಂದೊಂದೂ ಕೆಲವು ನಿಮಿಷಗಳಲ್ಲಿ ಮರೆಯಾಗುವುದರಿಂದ ಸಾವಿರಾರು ಉಪಗ್ರಹಗಳು ಬೇಕು. ಈ ಬಗೆಯ ಸ್ಟಾರ್‌ಲಿಂಕ್ ಸಂಸ್ಥೆಗೆ ಭಾರತದ ದೂರಸಂಪರ್ಕ ಇಲಾಖೆಯು 2025ನೆಯ ಜೂನ್ ತಿಂಗಳಲ್ಲಿ ಪರವಾನಗಿಯನ್ನು ಕೊಟ್ಟಿತು.

ಗಮನಿಸತಕ್ಕ ಅಂಶಗಳು

1. ಟೀವಿಯ ತಟ್ಟೆಗೆ ಆಕಾಶದ ಒಂದು ದಿಕ್ಕು ತೆರೆದಿದ್ದರೆ ಸಾಕು. ಹೊಸ ತಟ್ಟೆಗೆ ವಿಶಾಲವಾದ ಆಕಾಶ ಬೇಕು. ಅಡಿಕೆ ಮರಗಳ ನಡುವೆ ಇಡಬಾರದು. ಮನೆಯ ಮಾಡು, ಇಲ್ಲವೇ ತೆರೆದ ಬೇಣವು ಯೋಗ್ಯ. ಇದಕ್ಕಾಗಿ ಮರ ಕಡಿಯುವ ಮೊದಲು ಸ್ಥಳವನ್ನು ಪರೀಕ್ಷಿಸತಕ್ಕದ್ದು.

2. ಜಡಿಮಳೆಯಲ್ಲಿ ಅಲೆಗಳು ಕ್ಷೀಣಿಸುವುವು. ಆದುದರಿಂದ ಬೇಸಿಗೆಯ ವೇಗವನ್ನು ಕಂಡು ಆಷಾಢದ ವೇಗವನ್ನು ನಿರ್ಣಯಿಸಲಾಗದು.

3. ತಟ್ಟೆಗೆ ಸುಮಾರು 50ರಿಂದ 100 ವ್ಯಾಟ್ ವಿದ್ಯುತ್ತು ಬೇಕು. ಹಗಲಿರುಳೂ ನಡೆದರೆ ದಿನಕ್ಕೆ 1.2ರಿಂದ 2.4 ಯೂನಿಟ್. ಮಳೆಗಾಲದಲ್ಲಿ ವಿದ್ಯುತ್ತು ನಿಲ್ಲುವ ಊರಿನಲ್ಲಿ ಬ್ಯಾಟರಿಯ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಕು.

4. ಗ್ರಾಮ ಪಂಚಾಯತಿಯವರೆಗೆ ಭಾರತ್‌ನೆಟ್‌ನ ಗಾಜಿನ ಎಳೆಯ ತಂತಿ ಬಂದಿದ್ದರೆ, ಅದನ್ನು ಮನೆಗಳಿಗೆ ಮುಂದುವರಿಸುವ ಪ್ರಯತ್ನವನ್ನೇ ಮೊದಲು ಮಾಡತಕ್ಕದ್ದು. ಶಕ್ತಿಯಲ್ಲಿ ಉಪಗ್ರಹವು ಇದಕ್ಕೆ ಸಮವಲ್ಲ.

ಹೀಗೆ, ಸಾಲುಮನೆಗಳ ಊರಿಗೆ ತಂತಿಯೂ, ತಂತಿ ತಲಪದ ಒಂಟಿ ಮನೆಗೆ ಉಪಗ್ರಹವೂ ಹಿತವೆಂದು ತಿಳಿಯಬೇಕು. ನಾಲ್ಕಾರು ಮನೆಗಳವರು ಸೇರುವುದಾದರೆ, ಒಂದೇ ತಟ್ಟೆಯನ್ನು ಹಂಚಿಕೊಳ್ಳಲು ಸಂಸ್ಥೆಯ ನಿಯಮವು ಒಪ್ಪುವುದೇ ಎಂದು ವಿಚಾರಿಸಿಕೊಂಡೇ ಹಣ ಕಟ್ಟತಕ್ಕದ್ದು. ಗ್ರಾಮದ ಮುಖ್ಯಸ್ಥರು ತಮ್ಮ ಊರಿನ ಯಾವ ಯಾವ ಮನೆಗಳು ತಂತಿಗೆ ನಿಲುಕುವುವು, ಯಾವುವು ನಿಲುಕವು ಎಂಬುದನ್ನು ಈಗಲೇ ಪಟ್ಟಿ ಮಾಡಿಟ್ಟರೆ, ಮುಂದೆ ಪಂಚಾಯತಿಯ ಮುಂದೆ ಬೇಡಿಕೆಯನ್ನಿಡಲು ಬಹಳ ಅನುಕೂಲವಾಗುವುದು.