ತೆರೆದ ಪಾಠವೆಲ್ಲ ಕಲಿತ ಪಾಠವಲ್ಲ

ಬೇಳೆಯನ್ನು ಒಲೆಯ ಮೇಲಿಟ್ಟ ಮಾತ್ರಕ್ಕೆ ಸಾರು ಆಯಿತು ಅಂತ ಯಾರಾದರೂ ಹೇಳುತ್ತಾರೆಯೇ? ಹೋದ ವರ್ಷ ನಾನು ಹೆಚ್ಚುಕಡಿಮೆ ಹಾಗೇ ನಂಬಿ ಪೇಚಿಗೆ ಸಿಕ್ಕಿಕೊಂಡೆ.

ಮಕ್ಕಳು ದೊಡ್ಡವರಾದರು. ಮಧ್ಯಾಹ್ನ ಎರಡು ಗಂಟೆ ಬಿಡುವು. ಲೆಕ್ಕಪತ್ರ ಬರೆಯುವುದನ್ನು ಕಲಿತರೆ ನಾಲ್ಕು ಕಾಸು ಕೈಗೆ ಬಂದೀತೆಂದು ಮೊಬೈಲಿನಲ್ಲೇ ಕಲಿಸುವ ಒಂದು ಕೋರ್ಸಿಗೆ ಸೇರಿದೆ. ಶುಲ್ಕ ಕಟ್ಟಿದ್ದು ಮನೆಖರ್ಚಿನಲ್ಲಿ ಉಳಿಸಿದ ಹಣದಿಂದ. ಮೊದಲ ಪುಟದಲ್ಲಿ ಹನ್ನೆರಡು ಪಾಠಗಳಿಗೆ ಹನ್ನೆರಡು ಬಟನ್‌ಗಳು. ಒಂದನ್ನು ಒತ್ತಿ ಪಾಠಕ್ಕೆ ಹೋಗಿ ಹಿಂದಿರುಗಿದರೆ ಆ ಬಟನ್ ಹಸಿರಾಗಿರುತ್ತಿತ್ತು.

ನಮ್ಮ ಕೆಲಸ ನಿಮಗೆ ಗೊತ್ತೇ ಇದೆಯಲ್ಲ! ಪಾಠ ಶುರುವಾಯಿತು ಅನ್ನುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಅತ್ತೆಯವರಿಗೆ ಮಾತ್ರೆ ಕೊಡಬೇಕು, ಬಾಗಿಲಲ್ಲಿ ಯಾರೋ ಕರೆಯುತ್ತಾರೆ. ಮೊಬೈಲ್ ಅಲ್ಲೇ ಇಟ್ಟು ಓಡುವುದು. ಮಾರನೆಯ ದಿನ ನೋಡಿದರೆ ಬಟನ್ ಹಸಿರು. ಓಹೋ, ಇದು ಮುಗಿದಿದೆ ಅಂದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದೆ. ಹೀಗೇ ಹನ್ನೆರಡೂ ಹಸಿರಾದವು. ಪರೀಕ್ಷೆಗೆ ಕೂತರೆ ಅರ್ಧಕ್ಕರ್ಧ ಪ್ರಶ್ನೆ ಕಂಡು ಕೇಳಿದ್ದೇ ಅಲ್ಲ! ಫೇಲಾದೆ. "ಈ ವಯಸ್ಸಿನಲ್ಲಿ ತಲೆಗೆ ಹತ್ತೋದಿಲ್ಲ ಬಿಡು" ಅಂದರು ನಮ್ಮ ಯಜಮಾನರು. ಇರಬಹುದೆಂದು ನಾನೂ ಎರಡು ದಿನ ಕಣ್ಣೀರು ಹಾಕಿದೆ.

ತಪ್ಪು ಯಾರದು?

ಬೆಂಗಳೂರಿನಲ್ಲಿ ಇಂಥ ಕೋರ್ಸುಗಳನ್ನು ತಯಾರಿಸುವ ಕೆಲಸದಲ್ಲಿರುವ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ಎಲ್ಲ ನೋಡಿ, "ತಪ್ಪು ನಿಮ್ಮ ತಲೆಯದಲ್ಲ ಚಿಕ್ಕಮ್ಮ, ಈ ಬಟನ್‌ಗಳದು" ಅಂದ.

ಕೋರ್ಸು ಕಟ್ಟಲು ಬಳಸುವ ಸ್ಟೋರಿಲೈನ್ ಎಂಬ ಸಾಫ್ಟ್‌ವೇರಿನಲ್ಲಿ ಬಟನ್‌ಗೆ ಹಲವು ಸ್ಥಿತಿಗಳನ್ನು ಕೊಡಬಹುದು. 'ವಿಸಿಟೆಡ್' ಎಂಬುದು ಅವುಗಳಲ್ಲೊಂದು. ಅದನ್ನು ಸೇರಿಸಿದರೆ, ಒಮ್ಮೆ ಒತ್ತಿದ ಕೂಡಲೇ ಬಟನ್ ತಾನಾಗಿಯೇ ರೂಪ ಬದಲಿಸುತ್ತದೆ. ತಯಾರಿಸುವವರಿಗೆ ಸುಲಭ. ಆದರೆ ಅದು ಹೇಳುವುದು 'ಬಾಗಿಲು ತೆರೆದರು' ಎಂದಷ್ಟೇ. 'ಊಟ ಮಾಡಿದರು' ಎಂದಲ್ಲ!

ಸರಿಯಾದ ಕ್ರಮ ಬೇರೆ. ಪ್ರತಿ ಪಾಠಕ್ಕೂ ಒಳಗೊಳಗೇ ಒಂದು ಲೆಕ್ಕ ಇಡಬೇಕು. ಮೊದಲಿಗೆ ಅದು 'ಇಲ್ಲ' ಎಂದಿರುತ್ತದೆ. ಪಾಠದ ಕೊನೆಯ ಪುಟ ಪೂರ್ತಿ ಮುಗಿದಾಗ ಮಾತ್ರ 'ಹೌದು' ಆಗುತ್ತದೆ. ಮೆನುವಿಗೆ ಮರಳಿದಾಗ ಆ ಲೆಕ್ಕ ನೋಡಿಯೇ ಬಟನ್ ಮೇಲೆ ಸರಿಗುರುತು ಬೀಳಬೇಕು. ಅರ್ಧಕ್ಕೆ ಬಿಟ್ಟ ಪಾಠಕ್ಕೆ ಬೇರೆಯೇ ಗುರುತು.

ಇದೇನು ಹೊಸ ವಿಚಾರವಲ್ಲ. ಕಲಿಯುವವರ ದಾಖಲೆ ಇಡುವ ಸ್ಕಾರ್ಮ್ ಎಂಬ ಪದ್ಧತಿಯ 2001ರ ಆವೃತ್ತಿಯಲ್ಲೇ 'ಶುರುಮಾಡಿಲ್ಲ', 'ಅಪೂರ್ಣ', 'ಪೂರ್ಣ', 'ಪಾಸು', 'ಫೇಲು' ಎಂದು ಬೇರೆ ಬೇರೆ ಹೆಸರುಗಳಿವೆ. ಪೂರ್ತಿ ನೋಡುವುದೂ ಪಾಸಾಗುವುದೂ ಒಂದೇ ಅಲ್ಲ, ನೋಡಿ.

ದುಡ್ಡು ಕಟ್ಟುವ ಮುಂಚೆ

ಮೊದಲು ಬಿಟ್ಟಿಯಾಗಿ ಕೊಡುವ ಮಾದರಿ ಪಾಠವನ್ನು ತೆರೆದು, ತಕ್ಷಣ ಹೊರಗೆ ಬನ್ನಿ. ಆಗಲೇ 'ಮುಗಿಯಿತು' ಎಂದು ತೋರಿಸಿದರೆ ಆ ಗುರುತನ್ನು ನಂಬಬೇಡಿ.

ಅರ್ಧ ಪಾಠಕ್ಕೆ ಮುಚ್ಚಿ ಮತ್ತೆ ತೆರೆಯಿರಿ. ಬಿಟ್ಟ ಜಾಗಕ್ಕೇ ಕರೆದೊಯ್ದರೆ ನಮ್ಮಂಥವರಿಗೆ ಅನುಕೂಲ.

ಬಣ್ಣದ ಜೊತೆಗೆ ಸರಿಗುರುತೋ ಅಕ್ಷರವೋ ಇದೆಯೇ ನೋಡಿ. ಕೆಂಪು-ಹಸಿರು ಬೇರೆ ಬೇರೆ ಕಾಣದವರೂ ಇರುತ್ತಾರೆ. ಬಣ್ಣವೊಂದನ್ನೇ ನೆಚ್ಚಬಾರದೆಂದು ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲೇ ಹೇಳಿದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಿಮ್ಮದೊಂದು ಗುರುತು ಹಾಕಿಕೊಳ್ಳಿ. ಪುಸ್ತಕ ಮುಚ್ಚಿ ಪಾಠವನ್ನು ನಾಲ್ಕು ಮಾತಿನಲ್ಲಿ ಹೇಳಲು ಬಂದರೆ ಮಾತ್ರ!

ನಾನು ಹಾಗೇ ಮಾಡಿದೆ. ಹನ್ನೆರಡು ಪಾಠಕ್ಕೆ ಎರಡು ತಿಂಗಳು ಹಿಡಿಯಿತು, ಆದರೆ ಎರಡನೇ ಸಲ ಪಾಸಾದೆ. ಈಗ ನಮ್ಮ ಬೀದಿಯ ಎರಡು ಅಂಗಡಿಗಳ ಲೆಕ್ಕ ನನ್ನ ಕೈಯಲ್ಲೇ ಇದೆ. ಮೊನ್ನೆ ಯಜಮಾನರು ತಮ್ಮ ಸಂಘದ ಜಮಾಖರ್ಚಿನ ಪುಸ್ತಕ ತಂದು, "ಇದನ್ನೊಂದಿಷ್ಟು ನೋಡ್ತೀಯಾ?" ಅಂತ ಕೇಳಿದರು.