ಚಳಿಗಾಲದಲ್ಲಿ ಆ ವಿಮಾನಗಳು ಎಲ್ಲಿಗೆ ಹೋಗುತ್ತವೆ?

ಬೇಸಿಗೆ ಪ್ರವಾಸದ ಮೊದಲ ವಾರ ಲಂಡನ್ನಿನ ಉತ್ತರಕ್ಕಿರುವ ಲೂಟನ್‌ನಿಂದ ತುಂಬಿ ಹೊರಟ ವಿಮಾನ ಮೆಯೋರ್ಕಾ ದ್ವೀಪದ ಪಾಲ್ಮಾದಲ್ಲಿ ಜನರನ್ನು ಇಳಿಸಿ ಖಾಲಿ ಮರಳುತ್ತದೆ. ಕರೆತರಲು ಅಲ್ಲಿ ಇನ್ನೂ ಯಾರೂ ಇರುವುದಿಲ್ಲ. ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಹೋಗಿ ಹೊಸಬರನ್ನು ಇಳಿಸುತ್ತದೆ, ಬಿಸಿಲಿಗೆ ಕೆಂಪಾದ ಹಳಬರನ್ನು ಹತ್ತಿಸಿಕೊಂಡು ಬರುತ್ತದೆ. ಹೀಗೆ ವಾರಕ್ಕೊಮ್ಮೆ ಅಕ್ಟೋಬರ್‌ವರೆಗೆ. ಕಟ್ಟಕಡೆಯ ವಾರ ಲೆಕ್ಕ ತಿರುವುಮುರುವು: ಖಾಲಿ ಹೋಗಿ ತುಂಬಿ ಬರುತ್ತದೆ. ಈ ಎರಡು ಖಾಲಿ ಹಾರಾಟಗಳ ಖರ್ಚನ್ನು ನಡುವಿನ ವಾರಗಳು ಹೊರಬೇಕು. ಅಷ್ಟರಲ್ಲಿ ಚಳಿಗಾಲ ಬಂದಿರುತ್ತದೆ. ವಿಮಾನದ ಕಂತು ಮಾತ್ರ ಋತು ನೋಡಿ ಬರುವುದಿಲ್ಲ, ಅದು ತಿಂಗಳು ತಿಂಗಳು ಬರುತ್ತದೆ.

ಬ್ರಿಟನ್ನಿನ ರಜಾ ವಿಮಾನ ಕಂಪನಿಗಳ ಎಪ್ಪತ್ತು ವರ್ಷಗಳ ಕಥೆಯನ್ನು ಬಹಳ ಕಾಲದಿಂದ ಹಿಂಬಾಲಿಸಿಕೊಂಡು ಬಂದಿದ್ದೇನೆ. ಅವು ಯಾವ ವಿಮಾನ ಕೊಂಡವು, ಯಾವುದನ್ನು ಮಾರಿದವು, ಯಾವ ತಿಂಗಳಲ್ಲಿ ಮುಳುಗಿದವು ಎಂದು ನೋಡುತ್ತ ಹೋದರೆ ಪ್ರತಿ ತಿರುವಿನಲ್ಲೂ ಎದುರಾಗುವುದು ಈ ಚಳಿಗಾಲ.

ಚಾರ್ಟರ್ ಎಂಬ ಮಾತನ್ನು ಬಿಡಿಸಿ ಹೇಳಲು ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನ ಬೋರ್ಡೇ ಸಾಕು. ಮದುವೆ ದಿಬ್ಬಣಕ್ಕೆ ಹೊರಟ ಬಸ್ಸಿನ ಮೇಲೆ ಊರಿನ ಹೆಸರಿನ ಜಾಗದಲ್ಲಿ 'ಸಾಂದರ್ಭಿಕ ಒಪ್ಪಂದ' ಎಂದಿರುತ್ತದೆ. ಟಿಕೆಟ್ ಕೊಡುವ ಕೆಲಸ ಇಲ್ಲ, ಇಡೀ ಬಸ್ಸಿಗೆ ಒಬ್ಬರೇ ಹಣ ಕಟ್ಟಿರುತ್ತಾರೆ. ರಜಾ ವಿಮಾನದಲ್ಲಿ ಆ ಒಬ್ಬರು ಪ್ರವಾಸ ಕಂಪನಿಯವರು. ವಿಮಾನವನ್ನು ಇಡಿಯಾಗಿ ಹಿಡಿದು, ಹೋಟೆಲಿನ ಕೋಣೆಗಳನ್ನೂ ಸಗಟಾಗಿ ಹಿಡಿದು, ಎರಡನ್ನೂ ಸೇರಿಸಿ ಒಂದೇ ಬೆಲೆಗೆ ಮಾರುತ್ತಾರೆ.

ಹೀಗೆ ಮೊದಲು ಮಾರಿದವರಲ್ಲಿ ಪ್ರಮುಖ ವ್ಲಾದಿಮಿರ್ ರೈಟ್ಜ್. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿದ್ದ ತರುಣ. ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ಹೋಗಿಬಂದವನಿಗೆ, ಅಲ್ಲಿಗೆ ಇಂಗ್ಲೆಂಡಿನ ಸಾಮಾನ್ಯರನ್ನು ಕರೆದೊಯ್ಯಬಹುದಲ್ಲ ಎನಿಸಿತು. ಹೊರೈಜನ್ ಎಂಬ ಕಂಪನಿ ತೆರೆದ. 1950ರ ಮೇ ತಿಂಗಳಲ್ಲಿ 32 ಸೀಟಿನ ಡಕೋಟಾ ವಿಮಾನವೊಂದು ಕಾಲ್ವಿಗೆ ಹೊರಟಿತು. ಪ್ರಯಾಣ, ಊಟ, ವಸತಿ ಸೇರಿ 32 ಪೌಂಡ್ 10 ಶಿಲಿಂಗ್. ಆಗ ಸರ್ಕಾರಿ ವಿಮಾನದಲ್ಲಿ ನೀಸ್ ನಗರಕ್ಕೆ ಹೋಗಿಬರುವ ಟಿಕೆಟ್ಟೊಂದಕ್ಕೇ 70 ಪೌಂಡ್ ಇತ್ತು. ಸರ್ಕಾರಿ ಕಂಪನಿಗೆ ಪೈಪೋಟಿ ಬೇಡವೆಂದು ಅಧಿಕಾರಿಗಳು ರೈಟ್ಜ್‌ಗೆ ಒಂದು ಷರತ್ತು ಹಾಕಿದ್ದರು: ವಿದ್ಯಾರ್ಥಿಗಳು ಮತ್ತು ಶಿಕ್ಷಕರನ್ನು ಮಾತ್ರ ಕರೆದೊಯ್ಯಬೇಕು. ಹಾಗಾಗಿ ಯುರೋಪಿನ ಬಿಸಿಲಿನ ರಜೆಯ ಉದ್ಯಮದ ಮೊದಲ ಗಿರಾಕಿಗಳಲ್ಲಿ ಮೇಷ್ಟ್ರುಗಳಿದ್ದರು. ಈ ಒಂದು ಸಂಗತಿ ನನಗೆ ತುಂಬ ಪ್ರಿಯ. ಅವರು ಉಳಿದುಕೊಂಡದ್ದು ಸೈನ್ಯ ಬಿಟ್ಟುಕೊಟ್ಟ ಡೇರೆಗಳಲ್ಲಿ. ಡಕೋಟಾ ಕೂಡ ಯುದ್ಧ ಮುಗಿದ ಮೇಲೆ ರಾಶಿ ಬಿದ್ದಿದ್ದ ಜಾತಿಯ ವಿಮಾನ.

ಇಲ್ಲಿಂದ ಮುಂದೆ ಬಹಳ ವರ್ಷ ರಜಾ ವಿಮಾನವೆಂದರೆ ಹೆಚ್ಚಾಗಿ ಇನ್ನೊಬ್ಬರು ಬಳಸಿ ಬಿಟ್ಟ ವಿಮಾನ. ಅದು ಬರೀ ಬಡತನದಿಂದಾದದ್ದಲ್ಲ. ಅಗ್ಗಕ್ಕೆ ಕೊಂಡ ಹಳೆಯ ವಿಮಾನವನ್ನು ಐದು ತಿಂಗಳು ಮೈದಾನದ ಮೂಲೆಯಲ್ಲಿ ನಿಲ್ಲಿಸಿದರೂ ಕಂತಿಗಾಗಿ ಯಾರೂ ಬಾಗಿಲು ತಟ್ಟುವುದಿಲ್ಲ. ಪ್ರವಾಸ ಕಂಪನಿಯ ಟೆಡ್ ಲ್ಯಾಂಗ್ಟನ್ ಇತರರ ಜೊತೆಗೂಡಿ ಹುಟ್ಟುಹಾಕಿದ ಯೂರೇವಿಯಾ ಎಂಬ ವಿಮಾನ ಕಂಪನಿ 1962ರಲ್ಲಿ ಲೂಟನ್ನಿನಿಂದ ಕೆಲಸ ಶುರುಮಾಡಿದ್ದು ಇಸ್ರೇಲಿನ ಎಲ್ ಆಲ್ ಬಳಸಿ ಮುಗಿಸಿದ್ದ ಕಾನ್‌ಸ್ಟಲೇಶನ್ ವಿಮಾನಗಳಿಂದ. ಎರಡು ವರ್ಷಕ್ಕೆ, ದೂರದ ಹಾರಾಟದ ಸರ್ಕಾರಿ ಕಂಪನಿ ಬಿಒಎಸಿ ಜೆಟ್‌ಗಳತ್ತ ಹೊರಳಿದ್ದರಿಂದ ಅದರ ಬ್ರಿಸ್ಟಲ್ ಬ್ರಿಟಾನಿಯಾ ಎಂಬ ಟರ್ಬೊಪ್ರಾಪ್ ವಿಮಾನಗಳು ಮಾರಾಟಕ್ಕೆ ಬಂದವು. ಯೂರೇವಿಯಾ ಅವನ್ನು ಕೊಂಡು ತನ್ನ ಹೆಸರನ್ನೇ ಬ್ರಿಟಾನಿಯಾ ಏರ್‌ವೇಸ್ ಎಂದು ಬದಲಿಸಿಕೊಂಡಿತು. ಸೆಕೆಂಡ್ ಹ್ಯಾಂಡ್ ವಿಮಾನದ ಹೆಸರನ್ನು ಕಂಪನಿ ಇಟ್ಟುಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. 1965ರಲ್ಲಿ ಥಾಮ್ಸನ್ ಸಮೂಹ ಇದನ್ನು ಕೊಂಡಿತು.

ಸರ್ಕಾರದ ಒಂದು ಕಟ್ಟುಪಾಡು ಈ ಕಂಪನಿಗಳಿಗೆ ವರವಾದದ್ದೂ ಉಂಟು. ಪೌಂಡ್ ಕುಸಿಯುತ್ತಿದೆಯೆಂದು 1966ರಲ್ಲಿ ಬ್ರಿಟನ್, ಪ್ರವಾಸಿಗರು ದೇಶದಾಚೆ ಖರ್ಚು ಮಾಡುವ ಹಣಕ್ಕೆ 50 ಪೌಂಡಿನ ಮಿತಿ ಹಾಕಿತು. 1970ರ ಆರಂಭದವರೆಗೂ ಅದು ಇತ್ತು. ಆದರೆ ಬ್ರಿಟಿಷ್ ವಿಮಾನದ ದುಡ್ಡನ್ನು ಊರಲ್ಲೇ ಪೌಂಡಿನಲ್ಲಿ ಕಟ್ಟುವುದರಿಂದ ಅದು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಕೈಯಲ್ಲಿ 50 ಪೌಂಡ್ ಮಾತ್ರ ಇದ್ದವನಿಗೆ ಎಲ್ಲ ಸೇರಿಸಿ ಮಾರುವ ಪ್ರವಾಸವೇ ಉಳಿದ ದಾರಿಯಾಯಿತು.

1968ರಲ್ಲಿ ಬ್ರಿಟಾನಿಯಾ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಹಳೆಯದನ್ನು ಬಿಟ್ಟು ಹೊಚ್ಚಹೊಸ ಬೋಯಿಂಗ್ 737-200 ತಂದಿತು. ಸೀಟುಗಳನ್ನು ಒತ್ತೊತ್ತಾಗಿ ಜೋಡಿಸಿ ಮುಂದೆ 130ರಷ್ಟು ಜನರನ್ನು ಕೂರಿಸಿತು. ಹೊಸ ಜೆಟ್ಟಿಗೆ ಸಾಲ ಮಾಡಿದ ಮೇಲೆ ಅದನ್ನು ನಿಲ್ಲಿಸುವಂತಿಲ್ಲ. ಬೆಳಗಿನ ಜಾವ ಪಾಲ್ಮಾ, ಮಧ್ಯಾಹ್ನ ಅಲಿಕಾಂತೆ, ರಾತ್ರಿ ಮತ್ತೆ ಇನ್ನೊಂದು ಬೀಚಿನ ಊರು. ಹಗಲಿರುಳು ಸೇರಿ ದಿನಕ್ಕೆ ಮೂರು ಸಲ ಹೋಗಿಬರುವ ಚಾಳಿ ಹೀಗೆ ಬೆಳೆಯಿತು. ನಡುರಾತ್ರಿ ಮಲಗಿದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಬರುವುದು ಬ್ರಿಟನ್ನಿನ ದುಡಿಯುವ ಕುಟುಂಬಗಳ ನೆನಪಾಗಿದ್ದರೆ, ಅದರ ಹಿಂದೆ ಇರುವುದು 737ರ ಕಂತು.

ಒತ್ತೊತ್ತಾದ ಆ ಸೀಟುಗಳ ಬೆಲೆ ಎಷ್ಟೆಂಬುದು 1985ರ ಆಗಸ್ಟ್ 22ರ ಬೆಳಿಗ್ಗೆ ಮ್ಯಾಂಚೆಸ್ಟರ್‌ನಲ್ಲಿ ತಿಳಿಯಿತು. ಬ್ರಿಟಿಷ್ ಏರ್‌ವೇಸ್‌ನ ಚಾರ್ಟರ್ ಅಂಗಸಂಸ್ಥೆ ಬ್ರಿಟಿಷ್ ಏರ್‌ಟೂರ್ಸ್‌ನ 737 ಒಂದು ಗ್ರೀಸಿನ ಕೊರ್ಫು ದ್ವೀಪಕ್ಕೆ ಹೊರಟಿತ್ತು, 137 ಜನರಿದ್ದರು. ರನ್‌ವೇ ಮೇಲೆಯೇ ಎಡ ಎಂಜಿನ್ನಿನ ಚೂರೊಂದು ಸಿಡಿದು ಇಂಧನದ ಟ್ಯಾಂಕಿಗೆ ತೂತು ಬಿತ್ತು. ಪೈಲಟ್‌ಗಳು ವಿಮಾನವನ್ನು ನೆಲದಲ್ಲೇ ನಿಲ್ಲಿಸಿದರು. ಆದರೂ 55 ಜನ ತೀರಿಕೊಂಡರು, ಹೆಚ್ಚಿನವರು ಹೊಗೆಯಿಂದ. ರೆಕ್ಕೆಯ ಮೇಲಿನ ಬಾಗಿಲಿಗೆ ಹೋಗುವ ದಾರಿ ಇಕ್ಕಟ್ಟಾಗಿತ್ತು, ಹೊಗೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಇದಾದ ಮೇಲೆ ಆ ಬಾಗಿಲಿನ ಬಳಿ ಜಾಗ ಬಿಡುವುದು, ಬೇಗ ಬೆಂಕಿ ಹಿಡಿಯದ ಸೀಟು ಬಟ್ಟೆ, ನಡೆದಾಡುವ ಹಾದಿಯ ನೆಲದಲ್ಲಿ ದೀಪದ ಸಾಲು ಕಡ್ಡಾಯವಾಗುತ್ತ ಬಂದವು. ಇವತ್ತು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರುವಾಗಲೂ ನೆಲದ ದೀಪಗಳ ಬಗ್ಗೆ ಗಗನಸಖಿ ಹೇಳುವ ಮಾತನ್ನು ನಾನು ಪುಸ್ತಕ ಮುಚ್ಚಿ ಕೇಳುತ್ತೇನೆ.

ಹೊಸ ವಿಮಾನದ ಆಸೆ ಎಲ್ಲರಿಗೂ ದಕ್ಕಲಿಲ್ಲ. ಲೂಟನ್ನಿನದೇ ಇನ್ನೊಂದು ಕಂಪನಿ ಕೋರ್ಟ್ ಲೈನ್. ಅದರ ಒನ್-ಇಲೆವೆನ್ ಜೆಟ್‌ಗಳು ಒಂದು ಗುಲಾಬಿ, ಒಂದು ಕಿತ್ತಳೆ, ಒಂದು ಹಸಿರುನೀಲಿ. ಬೂದು ಮಳೆಯ ಊರಿನಲ್ಲಿ ನಿಂತ ಮಿಠಾಯಿಯಂಥ ವಿಮಾನಗಳು. ಅಡುಗೆ ಕೋಣೆಯ ಜಾಗವನ್ನೂ ಸೀಟಿಗೆ ಕೊಡಲೆಂದು ಊಟವನ್ನು ಎದುರು ಸೀಟಿನ ಬೆನ್ನಿನಲ್ಲೇ ಎರಡು ಗೂಡು ಮಾಡಿ ಇಡುತ್ತಿದ್ದರು. ಒಂದು ಹೋಗುವವರದು, ಇನ್ನೊಂದು ಬೀಗ ಹಾಕಿದ್ದು ಬರುವವರದು. 1973ರಲ್ಲಿ ಅದು ಸುಮಾರು 400 ಸೀಟಿನ ಟ್ರೈಸ್ಟಾರ್ ವಿಮಾನ ತಂದಿತು. ಅದೇ ಶರತ್ಕಾಲದಲ್ಲಿ ತೈಲ ಬಿಕ್ಕಟ್ಟು ಬಂತು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ವಿದ್ಯುತ್ ಉಳಿಸಲು ಬ್ರಿಟನ್ನಿನ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೆದ ಆ ಚಳಿಗಾಲದಲ್ಲಿ ರಜೆಗೆ ಮುಂಗಡ ಕಟ್ಟಲು ಯಾರಿಗೆ ಧೈರ್ಯ ಬರಬೇಕು? 1974ರ ಆಗಸ್ಟ್ 15ರಂದು ಕೋರ್ಟ್ ಲೈನ್ ಬಿತ್ತು. ಹತ್ತಾರು ಸಾವಿರ ಜನ ಸಮುದ್ರ ತೀರಗಳಲ್ಲಿ ಸಿಕ್ಕಿಬಿದ್ದರು. ಪ್ರವಾಸಿಗರ ಮುಂಗಡ ಹಣಕ್ಕೆ ರಕ್ಷಣೆ ಕೊಡುವ ನಿಧಿಯೊಂದನ್ನು ಸರ್ಕಾರ ಮರುವರ್ಷ ಕಾನೂನು ಮಾಡಿ ಕಟ್ಟಿದ್ದು ಈ ಏಟಿನಿಂದ.

ಹಾಗಾದರೆ ಚಳಿಗಾಲದಲ್ಲಿ ವಿಮಾನಗಳು ಎಲ್ಲಿಗೆ ಹೋಗುತ್ತವೆ?

ಕೆಲವು ಹ್ಯಾಂಗರ್ ಸೇರುತ್ತವೆ. ವಿಮಾನವನ್ನು ಬಿಚ್ಚಿ ನೋಡುವ ದೊಡ್ಡ ತಪಾಸಣೆಗಳನ್ನು ಈ ಕಂಪನಿಗಳು ಬೇಕೆಂದೇ ಚಳಿಗಾಲಕ್ಕೆ ಉಳಿಸಿಕೊಳ್ಳುತ್ತವೆ. ಕೆಲವು ಶನಿವಾರ ಶನಿವಾರ ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್, ಶಾಂಬೆರಿಯಂಥ ಬೆಟ್ಟದ ಬುಡದ ಊರುಗಳಿಗೆ ಹಿಮದಲ್ಲಿ ಜಾರುವವರನ್ನು ಒಯ್ಯುತ್ತವೆ. ಡಿಸೆಂಬರ್‌ನಲ್ಲಿ ಮಕ್ಕಳಿಗೆ ಸಾಂತಾಕ್ಲಾಸ್ ತೋರಿಸಿ ಅದೇ ದಿನ ಮನೆಗೆ ತಲುಪಿಸುವ ಹಾರಾಟಗಳು ಫಿನ್ಲೆಂಡಿನ ಲ್ಯಾಪ್‌ಲ್ಯಾಂಡಿಗೆ ಇವೆ. ಕನೇರಿ ದ್ವೀಪಗಳಲ್ಲಿ ಚಳಿಗಾಲದಲ್ಲೂ ಬಿಸಿಲಿರುವುದು ಈ ಉದ್ಯಮದ ಭಾಗ್ಯ. ಹಜ್ ಯಾತ್ರೆಯೂ ಬಾಡಿಗೆ ವಿಮಾನಗಳಿಗೆ ಕೆಲಸ ಕೊಡುತ್ತದೆ. ಆದರೆ ಅದು ಚಂದ್ರನ ಲೆಕ್ಕದ್ದು, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2000ದ ದಶಕದಲ್ಲಿ ಚಳಿಗಾಲದ ಆಸುಪಾಸಿಗೆ ಬಿದ್ದದ್ದು ಆಮೇಲೆ ಯುರೋಪಿನ ಬೇಸಿಗೆಯ ಗಿರಾಕಿಯೊಳಗೇ ನುಗ್ಗಿತು.

ಎಲ್ಲಕ್ಕಿಂತ ಚೆಂದದ ಉಪಾಯ ಅಟ್ಲಾಂಟಿಕ್ ಆಚೆ ಸಿಕ್ಕಿತು. ಬ್ರಿಟನ್ನಿನವರಿಗೆ ಬೇಸಿಗೆಯಲ್ಲಿ ಬೀಚು ಬೇಕು. ಕೆನಡಾದವರಿಗೆ ಮನೆ ಮುಂದೆ ಆಳೆತ್ತರ ಹಿಮ ಬಿದ್ದಾಗ ಬೀಚು ಬೇಕು; ಕ್ಯೂಬಾಕ್ಕೋ ಮೆಕ್ಸಿಕೋಕ್ಕೋ ಹೊರಡುತ್ತಾರೆ. ಅಂದರೆ ಒಂದೇ ವಿಮಾನಕ್ಕೆ ಎರಡು ಊರಿನ ಎರಡು ಋತು. 1987ರಲ್ಲಿ ಮ್ಯಾಂಚೆಸ್ಟರ್‌ನಿಂದ ಬೋಯಿಂಗ್ 757 ಹಾರಿಸತೊಡಗಿದ ಏರ್ 2000 ಮರುವರ್ಷವೇ ಕೆನಡಾದಲ್ಲಿ ಸೋದರ ಕಂಪನಿಗೆ ಕೈಹಾಕಿತು. ಅದೇ ಮುಂದೆ ಕೆನಡಾ 3000 ಆಯಿತು. ಆಮೇಲೆ ಯುರೋಪಿನ ಪ್ರವಾಸ ಸಮೂಹ ಟುಯಿ ಮತ್ತು ಕೆನಡಾದ ಸನ್‌ವಿಂಗ್ ತಮ್ಮ 737-800ಗಳನ್ನು ವರ್ಷ ವರ್ಷ ಹೀಗೇ ಅದಲುಬದಲು ಮಾಡಿಕೊಂಡವು. ಕರಾವಳಿಯ ಯಕ್ಷಗಾನ ಮೇಳಗಳು ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟು ಮುಂದಿನ ಮಳೆಗೆ ಮುಂಚೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಈ ವಿಮಾನಗಳಿಗೆ ಗೆಜ್ಜೆ ಬಿಚ್ಚುವ ದಿನವೇ ಇಲ್ಲದಂತಾಯಿತು.

ದೂರದ ಹಾರಾಟವೂ ಚಳಿಗಾಲಕ್ಕೆ ಕಂಡುಕೊಂಡ ಇನ್ನೊಂದು ಉತ್ತರ. 1984ರಲ್ಲಿ ಬ್ರಿಟಾನಿಯಾ ಯುರೋಪಿನಲ್ಲೇ ಮೊದಲಿಗೆ ಬೋಯಿಂಗ್ 767 ತಂದಿತು. ಅದರ ವಾರಸುದಾರ ಥಾಮ್ಸನ್ 2013ರಲ್ಲಿ ಬ್ರಿಟನ್ನಿನ ಮೊದಲ 787 ಹಾರಿಸಿತು. ಫ್ಲಾರಿಡಾ, ಕೆರಿಬಿಯನ್ ಕಡೆಗೆ ವರ್ಷವಿಡೀ ಜನ ಸಿಗುತ್ತಾರೆ. ಈ ಕಂಪನಿಯೇ ಈಗ ಬ್ರಿಟನ್ನಿನಲ್ಲಿ ಟುಯಿ ಹೆಸರಿನಲ್ಲಿ ಹಾರುತ್ತದೆ. 2019ರ ಮಾರ್ಚ್‌ನಲ್ಲಿ, ಬೇಸಿಗೆ ಬಾಗಿಲಲ್ಲಿ ನಿಂತಿದ್ದಾಗ, ಅಪಘಾತಗಳ ಬಳಿಕ 737 ಮ್ಯಾಕ್ಸ್‌ಗಳನ್ನು ಜಗತ್ತಿನಾದ್ಯಂತ ನೆಲಕ್ಕಿಳಿಸಿದರು. ಟುಯಿ ಸಮೂಹದ ಬಳಿ ಅಂಥವು 15 ಇದ್ದವು. ಬೇಸಿಗೆಗೆ ಬೇರೆಯವರ ವಿಮಾನ ಬಾಡಿಗೆಗೆ ಹಿಡಿಯುವ ಅನಿವಾರ್ಯ ಬಂತು. ಜುಲೈ ನಡುವಿನವರೆಗಿನ ನಷ್ಟವನ್ನೇ ಅದು 20 ಕೋಟಿ ಯೂರೋ ಎಂದು ಅಂದಾಜಿಸಿತು. ನವೆಂಬರ್‌ನಲ್ಲಿ ಆಗಿದ್ದರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಚಾರ್ಟರ್‌ನ ಬುಡವೇ ಅಲುಗಿತ್ತು. 1993ರಿಂದ ಯುರೋಪ್ ಒಕ್ಕೂಟದೊಳಗೆ ಕಂಪನಿಗಳು ಮಾರ್ಗ, ದರ ತಾವೇ ಗೊತ್ತುಮಾಡುವಂತಾಯಿತು. 1995ರಲ್ಲಿ ಇದೇ ಲೂಟನ್ನಿನಿಂದ ಈಸಿಜೆಟ್ ಶುರುವಾಯಿತು. ಜನ ಸೀಟನ್ನು ತಾವೇ ಕೊಳ್ಳಲು ಕಲಿತರು. ಈ ಕಾಲದಲ್ಲಿ ಬೆಳೆದು ನಿಂತ ಜೆಟ್2 ಹಳೆಯ ಪಾಠವನ್ನು ಮರೆಯಲಿಲ್ಲ. ಹಳೆಯ 737-300, 757ಗಳನ್ನು ಅಗ್ಗಕ್ಕೆ ಕೊಂಡು ಬೇಸಿಗೆಯಲ್ಲಿ ದುಡಿಸಿ ಚಳಿಗಾಲದಲ್ಲಿ ಕಡಿಮೆ ಹಾರಿಸಿತು. ಕೆಲವು ವಿಮಾನಗಳಲ್ಲಿ ಸೀಟುಗಳನ್ನು ರಾತ್ರಿ ಹೊರತೆಗೆದು ಬ್ರಿಟಿಷ್ ಅಂಚೆಯ ಚೀಲ ತುಂಬಿ ಕಳಿಸುತ್ತಿತ್ತು, ಹಗಲಲ್ಲಿ ಮತ್ತೆ ಪ್ರವಾಸಿಗರು. ಈಚಿನ ವರ್ಷಗಳಲ್ಲಿ ಅದೂ ಹೊಸ ವಿಮಾನಗಳತ್ತ ಹೊರಳಿದೆ, 2021ರಿಂದ ಏರ್‌ಬಸ್ ಎ321 ನಿಯೋಗಳಿಗೆ ಆರ್ಡರ್ ಕೊಟ್ಟಿದೆ. ಇನ್ನು ಅದಕ್ಕೂ ಚಳಿಗಾಲದ ದುಡಿಮೆ ಹೆಚ್ಚಲೇಬೇಕು.

ರಜಾ ವಿಮಾನ ಕಂಪನಿ ಮೊನಾರ್ಕ್ ಬಿದ್ದದ್ದು 2017ರ ಅಕ್ಟೋಬರ್ 2ರಂದು, ಪ್ರವಾಸ ಕಂಪನಿ ಥಾಮಸ್ ಕುಕ್ 2019ರ ಸೆಪ್ಟೆಂಬರ್ 23ರಂದು. ತಿಂಗಳುಗಳನ್ನು ಗಮನಿಸಿ. ವಸಂತದಲ್ಲಿ, ಬೇಸಿಗೆಯಲ್ಲಿ ಪ್ರವಾಸಿಗರ ಹಣ ಬರುತ್ತಿರುತ್ತದೆ. ಬೇಸಿಗೆ ಮುಗಿಯುತ್ತಲೇ ಹೋಟೆಲುಗಳ ಬಾಕಿ ತೀರಿಸಬೇಕು, ಮುಂದಿನ ಗಿರಾಕಿ ಬರುವತನಕ ಬದುಕಲು ಸಾಲ ಬೇಕು. ಥಾಮಸ್ ಕುಕ್‌ಗೆ 90 ಕೋಟಿ ಪೌಂಡಿನ ಪುನಶ್ಚೇತನ ಯೋಜನೆ ಸಿದ್ಧವಿತ್ತು. ಕೊನೆಗೆ ಸಾಲ ಕೊಟ್ಟವರು ಚಳಿಗಾಲ ದಾಟಲು ಇನ್ನೂ 20 ಕೋಟಿ ಹೊಂದಿಸಿ ಎಂದರು. ಅದು ಹೊಂದಲಿಲ್ಲ. 1841ರಲ್ಲಿ ಲೆಸ್ಟರ್‌ನಿಂದ ಲಾಫ್‌ಬರೋಗೆ ಒಂದು ಶಿಲಿಂಗಿಗೆ ವಿಶೇಷ ರೈಲು ಹೊರಡಿಸಿದವನ ಹೆಸರಿನ ಕಂಪನಿ ಒಂದು ಚಳಿಗಾಲದ ಖರ್ಚಿಗೆ ಗತಿಯಿಲ್ಲದೆ ಮುಳುಗಿತು. ಸಿಕ್ಕಿಬಿದ್ದ ಒಂದೂವರೆ ಲಕ್ಷ ಬ್ರಿಟಿಷರನ್ನು ಸರ್ಕಾರ ವಾಪಸು ಕರೆತಂದಿತು. ಸಾವಿರಾರು ನೌಕರರ ಕೆಲಸ ಒಂದೇ ರಾತ್ರಿಯಲ್ಲಿ ಹೋಯಿತು. ಭಾರತದ ಥಾಮಸ್ ಕುಕ್ 2012ರಲ್ಲೇ ಬೇರೆಯವರ ಕೈಗೆ ಹೋಗಿತ್ತು, ಅದಕ್ಕೆ ಏನೂ ಆಗಲಿಲ್ಲ. ಆದರೂ ನಮ್ಮಲ್ಲಿ ಹಲವರು ಗಾಬರಿಯಾದದ್ದು ನೆನಪಿದೆ.

ಆ ಚಳಿಗಾಲದ ಪಟ್ಟಿಯಲ್ಲಿ ಗೋವೆಯೂ ಇತ್ತು. ಮಳೆಗಾಲ ಮುಗಿದ ಮೇಲೆ ಥಾಮಸ್ ಕುಕ್ ವಿಮಾನಗಳು ಬ್ರಿಟನ್ನಿನಿಂದ ನೇರವಾಗಿ ದಾಬೋಲಿಂಗೆ ಬರುತ್ತಿದ್ದವು. ಅದು ನೌಕಾಪಡೆಯ ನಿಲ್ದಾಣ. ವಾರದ ಹೆಚ್ಚಿನ ದಿನ ಬೆಳಗಿನ ಹೊತ್ತು ತರಬೇತಿಗೆ ಮೀಸಲಾಗಿದ್ದುದರಿಂದ ಉಳಿದ ಹೊತ್ತಿನಲ್ಲಿ ಇಳಿಯಬೇಕಿತ್ತು. ಗೋವೆಯ ಮರಳಿನ ಮೇಲಿನ ಶ್ಯಾಕ್ ಎಂಬ ಊಟದ ಗುಡಿಸಲುಗಳೂ ಋತುವಿನ ಕಟ್ಟಡಗಳೇ, ಮಳೆ ನಿಂತ ಮೇಲೆ ಎದ್ದು ಮುಂದಿನ ಮಳೆಗೆ ಮುಂಚೆ ಕಳಚುತ್ತವೆ. ಕಂಪನಿ ಬಿದ್ದದ್ದು ಸರಿಯಾಗಿ ಅವು ಏಳಬೇಕಾದ ಹೊತ್ತಿಗೆ. ಕಲಂಗುಟ್, ಬಾಗಾದ ತೀರಗಳಲ್ಲಿ, ಅಂಜುಣದ ಬುಧವಾರದ ಸಂತೆಯಲ್ಲಿ ಕನ್ನಡಿ ಕೂಡಿಸಿದ ಚೀಲ, ಹೊದಿಕೆ, ಕಾಲ್ಗೆಜ್ಜೆ ಹರಡಿ ಕೂರುವ ಲಂಬಾಣಿ ಹೆಂಗಸರಲ್ಲಿ ಅನೇಕರು ಉತ್ತರ ಕರ್ನಾಟಕದ ತಾಂಡಾಗಳಿಂದ ಬಂದವರು. ಅವರು ಗಂಟು ಬಿಚ್ಚುವ ತಿಂಗಳೂ ಮ್ಯಾಂಚೆಸ್ಟರ್‌ನಿಂದ ಆ ವಿಮಾನ ಹೊರಡಬೇಕಿದ್ದ ತಿಂಗಳೂ ಒಂದೇ.